ಹುಲ್ಲು ಹೊಡೆಯೋ ಕರೆಂಟ್ ಮಷೀನ್ ಕೆಟ್ಟೋಯ್ತಾ? ಮೋಟಾರ್ ಬಿಚ್ಚೋಕೆ ಮುಂಚೆ ಬುಡ ನೋಡಿ

ನಮ್ಮನೆ ಹಾಸನದ ಹತ್ರ, ಮನೆ ಸುತ್ತ ಹತ್ತು ಗುಂಟೆ ಹಿತ್ತಲಿದೆ, ತೆಂಗು ಬಾಳೆ ನಾಲ್ಕು ಮಾವು ಅಷ್ಟೇ, ಆದ್ರೆ ಜೂನ್ ಮಳೆ ಹಿಡೀತು ಅಂದ್ರೆ ಸ್ವಲ್ಪ ದಿನಕ್ಕೇ ಮೊಣಕಾಲುದ್ದ ಹುಲ್ಲು ಎದ್ದು ನಿಂತಿರುತ್ತೆ. ಆಳು ಕರೆಸಿ ಕುಡ್ಲಲ್ಲಿ ಕೊಯ್ಸೋಣ ಅಂದ್ರೆ ಆಳು ಸಿಗಲ್ಲ, ಪೆಟ್ರೋಲ್ ಮಷೀನ್ ಹೆಗಲಿಗೆ ಹಾಕ್ಕೊಂಡು ಓಡಾಡೋ ಸೊಂಟ ನನಗಿಲ್ಲ, ಹಂಗಾಗಿ ಕರೆಂಟಲ್ಲಿ ಓಡೋ ದಾರದ ಟ್ರಿಮ್ಮರಿಗೆ ಬಿದ್ದೆ, ಅಂದ್ರೆ ಉದ್ದ ಕೋಲಿನ ಬುಡದಲ್ಲಿ ಒಂದು ಹೆಡ್ಡು ಸುತ್ತುತ್ತೆ, ಅದರಿಂದ ಹೊರಬಂದ ನೈಲಾನ್ ದಾರ ಹುಲ್ಲು ಹೊಡೆಯುತ್ತೆ. ಇದುವರೆಗೆ ಮೂರು ಆಗಿದೆ. ಒಂದನ್ನ ನಾನೇ ಸುಟ್ಟೆ, ಆ ಕಥೆ ಕೊನೇಲಿ ಹೇಳ್ತೀನಿ. ಇನ್ನೊಂದು ವೈರಿಂದು, ಈಗ್ಲೂ ಓಡ್ತಿದೆ. ಮೂರನೇದು ಭಾವ ಆನ್‌ಲೈನಲ್ಲಿ ತರಿಸಿ ಕೊಟ್ಟ ಬ್ಯಾಟರಿ ಮಷೀನು.

ಹೋದ ತಿಂಗಳು ಚಿಕ್ಕಪ್ಪ ಫೋನ್ ಮಾಡಿ, "ಲೋ, ಮಷೀನ್ ಮೋಟ್ರು ಹೋಯ್ತು ಕಣೋ, ಬರೀ ಗುಂಯ್ ಅಂತದೆ, ರಿವೈಂಡಿಂಗ್ ಅಂಗಡಿಗೆ ಕೊಟ್ಬಿಡ್ಲಾ" ಅಂದ್ರು. "ಸ್ವಲ್ಪ ತಡೀರಿ ಚಿಕ್ಕಪ್ಪ, ಸಂಜೆ ಬರ್ತೀನಿ" ಅಂತ ಹೋಗಿ ಮಷೀನ್ ತಲೆಕೆಳಗೆ ಮಾಡಿ ನೋಡಿದ್ರೆ ಹೆಡ್ಡಿಗೂ ಮೋಟಾರಿಗೂ ನಡುವೆ ಇರೋ ಬೆರಳಷ್ಟು ಗ್ಯಾಪಲ್ಲಿ ಗರಿಕೆ ಬಳ್ಳಿ ಹಗ್ಗ ಹೊಸೆದಂಗೆ ಸುತ್ಕೊಂಡು ಒಣಗಿ ಕೂತಿದೆ. ಚಿಕ್ಕಮ್ಮನ ತರಕಾರಿ ಚಾಕು ಇಸ್ಕೊಂಡು ಹತ್ತು ನಿಮಿಷ ಕೂತು ಕೊಯ್ದು ತೆಗೆದ್ವಿ, ಆಮೇಲೆ ಹೆಡ್ಡು ಬೆರಳಲ್ಲಿ ತಳ್ಳಿದ್ರೆ ಸಲೀಸಾಗಿ ಸುತ್ತಿತು. ರಿವೈಂಡಿಂಗೂ ಇಲ್ಲ ಏನೂ ಇಲ್ಲ.

ಇದನ್ನ ಬರೀತಿರೋದೇ ಅದಕ್ಕೆ. ಈ ಮಷೀನಲ್ಲಿ "ಮೋಟಾರ್ ಹೋಯ್ತು" ಅಂತ ನಮಗೆ ಅನ್ಸೋ ತೊಂದರೆಗಳಲ್ಲಿ ಜಾಸ್ತಿ ಪಾಲು ಮೋಟಾರಿಂದೇ ಅಲ್ಲ, ಒಂದೋ ಬುಡದಲ್ಲಿರೋ ದಾರ, ದಾರ ಸುತ್ತಿಟ್ಟಿರೋ ಸ್ಪೂಲು, ಹೆಡ್ಡಿಗೆ ಅಡ್ಡ ಇರೋ ಗಾರ್ಡು, ಇಲ್ಲ ಅಂದ್ರೆ ಆ ಕಡೆ ತುದಿಲಿರೋ ಪ್ಲಗ್ಗು ವೈರು. ಎರಡು ತುದಿ ನೋಡಿ ಮುಗಿಸಿ, ಆಮೇಲೆ ನಡುವೆ ಕೈ ಹಾಕಿ.

ಒಂದೇ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ: ಹೆಡ್ಡಿನ ಹತ್ರ ಕೈ ಹೋಗೋಕೆ ಮುಂಚೆ ಪ್ಲಗ್ ಗೋಡೆಯಿಂದ ಕಿತ್ತಿರಬೇಕು, ಬ್ಯಾಟರಿದಾದ್ರೆ ಬ್ಯಾಟರಿ ಬಿಚ್ಚಿ ಪಕ್ಕಕ್ಕೆ ಇಟ್ಟಿರಬೇಕು. ಸ್ವಿಚ್ ಆಫ್ ಮಾಡಿದೀನಿ ಸಾಕು ಅನ್ಬೇಡಿ, ತೊಡೆ ಮೇಲೆ ಇಟ್ಕೊಂಡು ತಿರುಗಿಸೋವಾಗ ಟ್ರಿಗರ್ ಒತ್ತೋದು ಬಲು ಸುಲಭ. ಆಫ್ ಮಾಡಿದ ಮೇಲೂ ಹೆಡ್ಡು ಕೆಲವು ಸೆಕೆಂಡ್ ಸುತ್ತುತ್ತಾ ಇರುತ್ತೆ, ಅದೂ ನೆನಪಿರಲಿ.

ಸ್ವಿಚ್ ಒತ್ತಿದ್ರೆ ಉಸಿರೇ ಇಲ್ಲ

ಮೊದಲು ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ರೋ ಟೇಬಲ್ ಫ್ಯಾನೋ ಹಾಕಿ ನೋಡಿ. ನಗಬೇಡಿ, ಒಂದ್ಸಲ ನಾನು ಹ್ಯಾಂಡಲ್ ಸ್ಕ್ರೂ ಎಲ್ಲಾ ಬಿಚ್ಚಿ ನ್ಯೂಸ್ ಪೇಪರ್ ಮೇಲೆ ಹರಡ್ಕೊಂಡು ಕೂತಿದ್ದೆ, ಒಳಗಿಂದ ಅಮ್ಮ "ಕರೆಂಟ್ ಹೋಗಿ ಅರ್ಧ ಗಂಟೆ ಆಯ್ತಲ್ಲೋ" ಅಂದ್ರು. ಸಾಕೆಟ್ ಸರಿ ಇದ್ರೆ ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ಮಷೀನನ್ನೇ ನೇರವಾಗಿ ಗೋಡೆ ಸಾಕೆಟ್ಟಿಗೆ ಹಾಕಿ ನೋಡಿ, ಓಡಿದ್ರೆ ತೊಂದರೆ ಎಕ್ಸ್‌ಟೆನ್ಷನಲ್ಲೇ ಇದೆ.

ಅದಕ್ಕೂ ಓಡ್ಲಿಲ್ಲ ಅಂದ್ರೆ ಸೇಫ್ಟಿ ಬಟನ್ ನೋಡಿ. ಸುಮಾರು ಮಷೀನಲ್ಲಿ ಹೆಬ್ಬೆರಳಲ್ಲಿ ಒಂದು ಲಾಕ್ ಬಟನ್ ಒತ್ತಿ ಹಿಡಿದೇ ಟ್ರಿಗರ್ ಎಳೀಬೇಕು, ಆ ಬಟನ್ ಸಂದೀಲಿ ಹುಲ್ಲಿನ ಪುಡಿ ತುಂಬ್ಕೊಂಡು ಪೂರ್ತಿ ಕೆಳಗೆ ಹೋಗ್ದೇ ಇದ್ರೆ ಟ್ರಿಗರ್ ಕೂರಲ್ಲ. ಹಳೇ ಟೂತ್ ಬ್ರಷ್ಷಲ್ಲಿ ಉಜ್ಜಿ ತೆಗೀರಿ.

ಆಮೇಲೆ ವೈರು. ವೈರ್ ಒಳಗಡೆ ಕಟ್ ಆಗೋದು ಸಾಮಾನ್ಯವಾಗಿ ನಡುವೆ ಅಲ್ಲ, ಹ್ಯಾಂಡಲ್ ಒಳಗೆ ಹೋಗೋ ಜಾಗದಲ್ಲಿ ಅಥವಾ ಪ್ಲಗ್ ಬುಡದಲ್ಲಿ, ಯಾಕಂದ್ರೆ ದಿನಾ ಮಡಚೋದು ಅಲ್ಲೇ. ಮೇಲಿನ ರಬ್ಬರ್ ಚೆನ್ನಾಗೇ ಇರುತ್ತೆ, ಒಳಗೆ ತಾಮ್ರದ ಎಳೆ ತುಂಡಾಗಿರುತ್ತೆ. ಪ್ಲಗ್ ಕಿತ್ತು, ಮಲ್ಟಿಮೀಟರ್ ಬೀಪ್ ಮೋಡಲ್ಲಿಟ್ಟು ಪ್ಲಗ್ ಪಿನ್ನಿಂದ ಹ್ಯಾಂಡಲ್ ಒಳಗಿನ ಟರ್ಮಿನಲ್ಲಿಗೆ ನೋಡ್ತಾ, ಇನ್ನೊಬ್ರ ಕೈಲಿ ವೈರನ್ನ ಆ ಬುಡದ ಹತ್ರ ಆ ಕಡೆ ಈ ಕಡೆ ಬಗ್ಗಿಸೋಕೆ ಹೇಳಿ, ಬೀಪ್ ಬಂದು ಹೋಗಿ ಮಾಡಿದ್ರೆ ಕಳ್ಳ ಸಿಕ್ಕಿಬಿದ್ದ ಅಂತ ಲೆಕ್ಕ. ಆ ನಾಲ್ಕಿಂಚು ಕತ್ತರಿಸಿ ಎಸೆದು ಹೊಸದಾಗಿ ಕನೆಕ್ಷನ್ ಕೊಟ್ರೆ ಆಯ್ತು. ನಡುವೆ ಕಟ್ ಆಗಿದ್ರೆ ಮಾತ್ರ ಟೇಪ್ ಸುತ್ತಿ ಹಿತ್ತಲಿಗೆ ಎಳ್ಕೊಂಡು ಹೋಗೋ ಕೆಲಸ ಮಾಡ್ಬೇಡಿ, ಒದ್ದೆ ಹುಲ್ಲಲ್ಲಿ ಆ ಟೇಪ್ ಇದ್ರೂ ಒಂದೇ ಇಲ್ದಿದ್ರೂ ಒಂದೇ. ವೈರ್ ಪೂರ್ತಿ ಬದಲಾಯಿಸಿ.

ಗುಂಯ್ ಅನ್ನುತ್ತೆ, ಹೆಡ್ಡು ತಿರುಗಲ್ಲ

ಇದು ಚಿಕ್ಕಪ್ಪನ ಕೇಸು. ಟ್ರಿಗರ್ ತಕ್ಷಣ ಬಿಡಿ, ಇದೇ ಮುಖ್ಯ. ಮೋಟಾರ್ ತಿರುಗದೇ ಕರೆಂಟ್ ಹೋಗ್ತಾ ಇದ್ರೆ ಎಲ್ಲಾ ಬಿಸಿಯಾಗೇ ಹೋಗಬೇಕು, ಅದನ್ನ ತಣ್ಣಗೆ ಮಾಡೋ ಫ್ಯಾನೂ ಅದೇ ಶಾಫ್ಟ್ ಮೇಲಿರೋದು, ಅದೂ ನಿಂತಿರುತ್ತೆ. ಸ್ವಲ್ಪ ಹೊತ್ತು ಹಿಡ್ಕೊಂಡಿದ್ರೂ ಕಾಯಿಲ್ ವಾಸನೆ ಶುರುವಾಗುತ್ತೆ. ಪ್ಲಗ್ ಕಿತ್ತು, ಸ್ಪೂಲ್ ಬಿಚ್ಚಿ, ಸುತ್ಕೊಂಡಿರೋ ನಾರು ಬಳ್ಳಿ ಪ್ಲಾಸ್ಟಿಕ್ ಕವರ್ ಎಲ್ಲಾ ಕೊಯ್ದು ತೆಗೀರಿ, ಎಳೆದ್ರೆ ಬರಲ್ಲ, ಕೊಯ್ಲೇಬೇಕು. ಎಲ್ಲಾ ತೆಗೆದ್ ಮೇಲೂ ಕೈಯಲ್ಲಿ ತಿರುಗಿಸಿದ್ರೆ ಗರ್ ಗರ್ ಅಂತ ಬಿಗಿಯಾಗೇ ಇದ್ರೆ ಬೇರಿಂಗ್ ಹೋಗಿದೆ. ಬೇರಿಂಗ್ ಅಂಚಲ್ಲಿ ನಂಬರ್ ಕೊರೆದಿರ್ತಾರೆ, ಹಳೇದನ್ನೇ ಕೈಲಿ ಹಿಡ್ಕೊಂಡು ಬೇರಿಂಗ್ ಅಂಗಡಿಗೆ ಹೋಗಿ, ಅದೇ ಅಳತೇದು ಕೊಡ್ತಾರೆ.

ಇದರ ಉಲ್ಟಾ ಒಂದಿದೆ, ಮೋಟಾರ್ ಜೋರಾಗಿ ಓಡೋ ಸದ್ದು ಬರುತ್ತೆ ಆದ್ರೆ ಕೆಳಗೆ ಹೆಡ್ಡು ಸುಮ್ಮನೆ ಕೂತಿರುತ್ತೆ. ಮೋಟಾರ್ ಮೇಲಿದ್ದು ಪೈಪ್ ಒಳಗಿಂದ ಕೇಬಲ್ ಹೋಗೋ ಮಾಡೆಲ್ ಆದ್ರೆ ಆ ಕೇಬಲ್ ತುದಿಯ ಚೌಕ ಸವೆದು ಗುಂಡಗಾಗಿದೆ ಅಥವಾ ಕೇಬಲ್ ತುಂಡಾಗಿದೆ. ಮೋಟಾರ್ ಕೆಳಗೇ ಇರೋ ಮಾಡೆಲ್ ಆದ್ರೆ ಹೆಡ್ಡಿನ ನಡುವಿನ ತೂತು ಸವೆದು ಶಾಫ್ಟ್ ಮೇಲೆ ಜಾರ್ತಿದೆ. ಎರಡೂ ಬಿಡಿಭಾಗದ ಕೆಲಸ, ಮೋಟಾರಿಗೆ ಏನೂ ಆಗಿಲ್ಲ.

ಓಡುತ್ತೆ, ಆದ್ರೆ ದಮ್ಮೇ ಇಲ್ಲ

ಮೊದಲು ದಾರದ ಉದ್ದ ನೋಡಿ, ಅದು ಆಮೇಲೆ ಬರುತ್ತೆ. ದಾರ ಸರಿ ಇದ್ರೆ ವೋಲ್ಟೇಜ್. ನಮ್ಮ ಕಡೆ ಸಂಜೆ ಹೊತ್ತು ಎಲ್ಲರ ಪಂಪ್‌ಸೆಟ್ ಓಡೋವಾಗ ಮನೇಲಿ 190 ತೋರಿಸಿದ್ದೂ ಇದೆ, ಅದರ ಮೇಲೆ ನಾವು ಉದ್ದದ ತೆಳ್ಳನೆ ವೈರ್ ಎಳೀತೀವಿ. ಲೆಕ್ಕ ಹಾಕಿ ನೋಡಿ, 0.75 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 26 ಓಮ್. 50 ಮೀಟರ್ ವೈರ್ ಅಂದ್ರೆ ಹೋಗಿ ಬರೋಕೆ 100 ಮೀಟರ್, 2.6 ಓಮ್. 1000 ವ್ಯಾಟ್ ಮಷೀನು ನಾಲ್ಕು ನಾಲ್ಕೂವರೆ ಆಂಪ್ ಎಳೆಯುತ್ತೆ, ಅಲ್ಲಿಗೆ ವೈರಲ್ಲೇ 11 ವೋಲ್ಟ್ ಹತ್ರ ಹೋಯ್ತು. ಮನೇಲಿ 230 ಇದ್ರೆ 11 ದೊಡ್ಡದಲ್ಲ ಬಿಡಿ, ಮನೇಲಿ 190 ಇದ್ದು ಅದರಲ್ಲಿ 11 ಹೋದ್ರೆ ಮಷೀನಿಗೆ ಗೊತ್ತಾಗುತ್ತೆ. ಆಗ ನಾವೇನ್ ಮಾಡ್ತೀವಿ, ಹುಲ್ಲು ಕಟ್ ಆಗ್ತಿಲ್ಲ ಅಂತ ಇನ್ನೂ ಒತ್ತಿ ಹಿಡೀತೀವಿ, ಸ್ಪೀಡ್ ಇನ್ನೂ ಇಳಿಯುತ್ತೆ, ಫ್ಯಾನ್ ಗಾಳಿ ಕಮ್ಮಿ ಆಗುತ್ತೆ, ಮೋಟಾರ್ ಕಾಯುತ್ತೆ. 1.5 ಸ್ಕ್ವೇರ್ ಎಂಎಂ ಹಾಕಿದ್ರೆ ಆ ನಷ್ಟ ಅರ್ಧಕ್ಕೆ ಬರುತ್ತೆ. ನಾನು ಈಗ ಅದನ್ನೇ ಇಟ್ಟಿರೋದು, ಭಾರ ಹೌದು, ಎಳೆಯೋಕೆ ಬೇಜಾರೂ ಹೌದು.

ವೈರ್ ತಗೊಳ್ಳೋವಾಗ ಒಂದು ಪರೀಕ್ಷೆ ಮಾಡಿ. ತುದಿಯ ಒಂದು ಎಳೆ ತಗೊಂಡು ಬ್ಲೇಡಲ್ಲಿ ಮೆಲ್ಲಗೆ ಕೆರೆಯಿರಿ. ಒಳಗೂ ಕೆಂಪಗಿದ್ರೆ ತಾಮ್ರ. ಕೆಂಪು ಹೋಗಿ ಬೆಳ್ಳಗೆ ಬಂತು ಅಂದ್ರೆ ಅದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ, ಅದೇ ದಪ್ಪದ ತಾಮ್ರಕ್ಕಿಂತ ಒಂದೂವರೆ ಪಟ್ಟು ರೆಸಿಸ್ಟೆನ್ಸ್. ಚೀಪಾಗಿ ಸಿಗೋ ರೆಡಿಮೇಡ್ ಎಕ್ಸ್‌ಟೆನ್ಷನಲ್ಲಿ ಇದು ಮಾಮೂಲಿ.

ಇನ್ನೊಂದು, ರೀಲಿಗೆ ಸುತ್ತಿದ ವೈರನ್ನ ಬೇಕಾದಷ್ಟೇ ಎಳ್ಕೊಂಡು ಉಳಿದದ್ದು ರೀಲಲ್ಲೇ ಬಿಟ್ಟು ಓಡಿಸ್ಬೇಡಿ. ಸುರುಳಿ ಒಳಗಿನ ಬಿಸಿ ಆಚೆ ಹೋಗೋಕೆ ದಾರಿ ಇಲ್ಲ, ಅರ್ಧ ಗಂಟೆ ಬಿಟ್ಟು ರೀಲ್ ನಡುವೆ ಕೈ ಹಾಕಿ ನೋಡಿ ಗೊತ್ತಾಗುತ್ತೆ. ಪೂರ್ತಿ ಬಿಚ್ಚಿ ಹಾಸಿ. ಪ್ಲಗ್ ಮುಟ್ಟಿದ್ರೆ ಸುಡುತ್ತೆ, ಪಿನ್ ಸುತ್ತ ಕಂದು ಕಲೆ ಬಿದ್ದಿದೆ ಅಂದ್ರೆ ಸಾಕೆಟ್ ಲೂಸು, ಅದೂ ಅಲ್ಲೇ ವೋಲ್ಟೇಜ್ ತಿನ್ನುತ್ತೆ.

ಒಳಗಡೆ ಕಿಡಿ ಕಾಣುತ್ತೆ, ಓಡಿ ನಿಂತು ಓಡಿ ನಿಂತು ಮಾಡುತ್ತೆ

ವೈರಿನ ಟ್ರಿಮ್ಮರಲ್ಲಿ ಸಾಮಾನ್ಯವಾಗಿ ಇರೋದು ಮಿಕ್ಸಿಲಿರೋ ಜಾತಿ ಮೋಟಾರೇ, ಕಾರ್ಬನ್ ಬ್ರಷ್ ಇರೋದು, ಅಂದ್ರೆ ತಿರುಗೋ ಭಾಗಕ್ಕೆ ಉಜ್ಜಿ ಕರೆಂಟ್ ಮುಟ್ಟಿಸೋ ಎರಡು ಸಣ್ಣ ಕಾರ್ಬನ್ ತುಂಡು. ಗಾಳಿ ತೂತಿನೊಳಗೆ ಸಣ್ಣ ನೀಲಿ ಕಿಡಿ ಕಂಡ್ರೆ ಅದು ಸಹಜ. ಕಿತ್ತಳೆ ಬಣ್ಣದ ದೊಡ್ಡ ಕಿಡಿ, ಜೊತೆಗೆ ಮಷೀನ್ ತಟ್ಟಿದ್ರೆ ಓಡೋದು ಬಿಟ್ರೆ ನಿಲ್ಲೋದು, ಇದ್ರೆ ಬ್ರಷ್ ಸವೆದಿದೆ. ಕೆಲವು ಮಾಡೆಲಲ್ಲಿ ಹೊರಗಿಂದಲೇ ಸ್ಕ್ರೂ ಮುಚ್ಚಳ ತೆಗೆದು ಬ್ರಷ್ ಎಳೀಬಹುದು, ಕೆಲವಲ್ಲಿ ಕವರೇ ಬಿಚ್ಚಬೇಕು. ಕಾರ್ಬನ್ ಅರ್ಧ ಸೆಂಟಿಮೀಟರಿಗಿಂತ ಗಿಡ್ಡ ಆಗಿದ್ರೆ ಜೋಡಿಯಾಗೇ ಬದಲಾಯಿಸಿ, ಒಂದು ಹಳೇದು ಒಂದು ಹೊಸದು ಬೇಡ. ನನಗೆ ಡ್ರಿಲ್ ಮಷೀನ್ ರಿಪೇರಿ ಅಂಗಡೀಲಿ ನೂರು ರೂಪಾಯಿ ಒಳಗೇ ಜೋಡಿ ಸಿಕ್ತು, ಸ್ವಲ್ಪ ದಪ್ಪ ಇತ್ತು, ನಯವಾದ ಸ್ಯಾಂಡ್ ಪೇಪರ್ ಮೇಲೆ ಉಜ್ಜಿ ಗೂಡಲ್ಲಿ ಸಲೀಸಾಗಿ ಜಾರೋ ಹಂಗೆ ಮಾಡ್ಕೊಂಡೆ. ಬಿಗಿಯಾಗಿ ತುರುಕಿದ್ರೆ ಸ್ಪ್ರಿಂಗ್ ತಳ್ಳೋಕಾಗಲ್ಲ, ಮತ್ತೆ ಕಿಡಿ.

ದಾರದ ರಾಮಾಯಣ

ಈ ಮಷೀನಿಗೆ ದಾರಾನೇ ಪ್ರಾಣ, ಹಂಗಾಗಿ ಇಲ್ಲಿ ಸ್ವಲ್ಪ ಕೂತ್ಕೋತೀನಿ. ಇದನ್ನ ಕಂಡುಹಿಡಿದಿದ್ದು ಅಮೆರಿಕದ ಹ್ಯೂಸ್ಟನ್ನಲ್ಲಿ ಜಾರ್ಜ್ ಬಲ್ಲಾಸ್ ಅನ್ನೋರು, 1971ರಲ್ಲಿ. ಕಾರ್ ತೊಳೆಯೋ ಮಷೀನಲ್ಲಿ ಸುತ್ತೋ ಬ್ರಷ್ ನೋಡಿ ಅವರಿಗೆ ಹೊಳೀತಂತೆ, ಪಾಪ್‌ಕಾರ್ನ್ ಡಬ್ಬಿಗೆ ತೂತು ಕೊರೆದು ಮೀನುಗಾಳದ ದಾರ ಪೋಣಿಸಿ ತಿರುಗಿಸಿದ್ರು. ಒಳಗಿನ ಸೂತ್ರ ಈಗ್ಲೂ ಅದೇ, ದಾರಕ್ಕೆ ಬ್ಲೇಡಿನ ಹರಿತ ಇಲ್ಲ, ವೇಗಕ್ಕೆ ನೆಟ್ಟಗೆ ನಿಂತು ತುದಿಯಲ್ಲಿ ಹೊಡೆಯುತ್ತೆ. ಅದಕ್ಕೇ ದಾರದ ತುದಿ ಮಾತ್ರ ಹುಲ್ಲಿಗೆ ತಾಗಬೇಕು, ಇಡೀ ಹೆಡ್ಡನ್ನ ಪೊದೆ ಒಳಗೆ ತುರುಕಿದ್ರೆ ಕಟ್ ಆಗಲ್ಲ, ಸುತ್ಕೊಳ್ಳುತ್ತೆ.

ತಟ್ಟಿದ್ರೂ ದಾರ ಬರ್ತಿಲ್ಲ ಅಂತಾರೆ. ನೆಲಕ್ಕೆ ತಟ್ಟಿ ದಾರ ಬಿಡೋ ಹೆಡ್ಡು ಪೂರ್ತಿ ಸ್ಪೀಡಲ್ಲಿ ಸುತ್ತುತ್ತಿರೋವಾಗ ತಟ್ಟಬೇಕು, ನಿಂತಿರೋವಾಗ ಕುಟ್ಟಿದ್ರೆ ಏನೂ ಬರಲ್ಲ. ಕೆಲವು ಮಾಡೆಲಲ್ಲಿ ತಟ್ಟೋದೇ ಇಲ್ಲ, ಟ್ರಿಗರ್ ಬಿಟ್ಟು ಮತ್ತೆ ಒತ್ತಿದ್ರೆ ತಾನೇ ಸ್ವಲ್ಪ ಬಿಡುತ್ತೆ, ಅದನ್ನ ಕುಟ್ಟಿ ಕುಟ್ಟಿ ಒಡೆದೋರನ್ನ ನೋಡಿದೀನಿ. ಹೊರಗಿರೋ ದಾರ ಎರಡು ಬೆರಳಿಗಿಂತ ಗಿಡ್ಡ ಆಗೋಗಿದ್ರೂ ಬರಲ್ಲ, ಎಳೆಯೋಕೆ ಅದಕ್ಕೆ ತೂಕಾನೇ ಇರಲ್ಲ, ಆಗ ಪ್ಲಗ್ ಕಿತ್ತು ಹೆಡ್ಡು ಒತ್ತಿ ಕೈಯಲ್ಲೇ ಎಳೀರಿ. ಅದಕ್ಕೂ ಬರ್ಲಿಲ್ಲ ಅಂದ್ರೆ ಸ್ಪೂಲ್ ಬಿಚ್ಚಲೇಬೇಕು. ಬಿಚ್ಚಿದಾಗ ಸುತ್ತು ಸುತ್ತು ಒಂದಕ್ಕೊಂದು ಅಂಟಿ ಬೆಲ್ಲದ ಪಾಕ ಗಟ್ಟಿಯಾದಂಗೆ ಕೂತಿದ್ರೆ, ದಾರ ಬಿಸಿಗೆ ಕರಗಿ ಬೆಸೆದುಕೊಂಡಿದೆ ಅಂತ. ಸಡಿಲ ಸುತ್ತಿದ್ರೆ ಅದುರಾಟಕ್ಕೆ ದಾರಕ್ಕೆ ದಾರ ಉಜ್ಜಿ ಉಜ್ಜಿ ಹಿಂಗಾಗುತ್ತೆ. ಕರಗಿದ ಭಾಗ ಎಸೆದು ಮತ್ತೆ ಸುತ್ತಬೇಕು.

ಸುತ್ತೋದು ಹೆಂಗೆ ಅಂದ್ರೆ, ಎರಡು ದಾರದ ಹೆಡ್ಡಾದ್ರೆ ದಾರ ಮಧ್ಯಕ್ಕೆ ಮಡಚಿ, ಒಂದು ತುದಿ ಗೇಣುದ್ದ ಜಾಸ್ತಿ ಇರಲಿ, ಮಡಿಕೆಯನ್ನ ಸ್ಪೂಲ್ ನಡುವಿನ ಕಚ್ಚಿಗೆ ಸಿಕ್ಕಿಸಿ. ಸ್ಪೂಲ್ ಮೇಲೆ ಬಾಣದ ಗುರುತು ಇರುತ್ತೆ, ಅದೇ ದಿಕ್ಕಿಗೆ ಸುತ್ತಿ, ಉಲ್ಟಾ ಸುತ್ತಿದ್ರೆ ತಟ್ಟಿದಾಗ ಬಿಚ್ಕೊಳ್ಳೋ ಬದಲು ಬಿಗೀತಾ ಹೋಗುತ್ತೆ. ಒಂದೊಂದು ದಾರ ಅದರದ್ದೇ ಅಂತಸ್ತಲ್ಲಿ, ಒಂದರ ಪಕ್ಕ ಒಂದು, ಬಾವಿ ಗಡಗಡೆಗೆ ಹಗ್ಗ ಸುತ್ತಿದಂಗೆ ಬಿಗಿಯಾಗಿ ಬರಬೇಕು, ಒಂದರ ಮೇಲೊಂದು ಅಡ್ಡ ಹಾಯಬಾರದು. ಆಸೆಬುರುಕರ ಥರ ತುಂಬಬೇಡಿ, ಅಂಚಿಗಿಂತ ಅರ್ಧ ಸೆಂಟಿಮೀಟರ್ ಕೆಳಗೇ ನಿಲ್ಲಿಸಿ. ಎರಡೂ ತುದಿ ಅಂಚಿನ ಕಚ್ಚಲ್ಲಿ ಸಿಕ್ಕಿಸಿ, ಹೆಡ್ಡಿನ ಕಣ್ಣಿಂದ, ಅಂದ್ರೆ ದಾರ ಹೊರಬರೋ ತೂತಿಂದ, ಆಚೆ ತೂರಿಸಿ, ಸ್ಪೂಲ್ ಕೂರಿಸಿ, ಆಮೇಲೆ ಎರಡನ್ನೂ ಜಗ್ಗಿದ್ರೆ ಟಕ್ ಅಂತ ಕಚ್ಚಿಂದ ಬಿಡುತ್ತೆ. ಒಳಗಿನ ಸ್ಪ್ರಿಂಗ್ ಹಾರಿ ಹುಲ್ಲಲ್ಲಿ ಬಿದ್ರೆ ದೇವರೇ ಗತಿ, ಜಗಲಿ ಮೇಲೆ ಕೂತು ಬಿಚ್ಚಿ, ಹಿತ್ತಲಲ್ಲಿ ನಿಂತ್ಕೊಂಡಲ್ಲ.

ದಾರ ಪದೇ ಪದೇ ತುಂಡಾಗುತ್ತೆ ಅಂದ್ರೆ ಕಾಂಪೌಂಡ್ ಕಲ್ಲು, ಚೈನ್‌ಲಿಂಕ್ ಬೇಲಿಗೆ ಹೊಡೀತಿದೀರ ಅಂತ ಅರ್ಥ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ದೇ ಇರೋದು ಎರಡು. ಒಂದು, ಹೆಡ್ಡಿನ ಕಣ್ಣಲ್ಲಿರೋ ಲೋಹದ ಬಳೆ ಸವೆದು ಅಂಚು ಹರಿತ ಆಗಿದ್ರೆ ದಾರ ಅಲ್ಲೇ ಬುಡದಲ್ಲೇ ಕತ್ತರಿಸುತ್ತೆ, ಬೆರಳಾಡಿಸಿದ್ರೆ ಗೊತ್ತಾಗುತ್ತೆ. ಎರಡು, ಹಳೇ ದಾರ. ನೈಲಾನ್ ಬಿಸಿಲಲ್ಲಿ, ಬಿಸಿ ಶೆಡ್ಡಲ್ಲಿ ಒಣಗಿ ಒಣಗಿ ಪುಳ್ಳೆ ಥರ ಆಗುತ್ತೆ, ಬಗ್ಗಿಸಿದ್ರೆ ಪಟ್ ಅನ್ನುತ್ತೆ. ಒಂದು ರಾತ್ರಿ ಬಕೆಟ್ ನೀರಲ್ಲಿ ನೆನೆಹಾಕಿ, ನೈಲಾನ್ ನೀರು ಕುಡಿಯುತ್ತೆ, ಮೆತ್ತಗಾಗುತ್ತೆ. ಅಮ್ಮ ಅದನ್ನ ನೋಡಿ "ಕಡ್ಲೆಕಾಳು ನೆನೆಹಾಕಿದಂಗೆ ಹಾಕಿದೀಯಲ್ಲೋ" ಅಂದ್ರು, ಅಂದ್ರೆ ಅನ್ಲಿ, ಮರುದಿನ ಅದೇ ದಾರ ಬಾಳಿಕೆ ಬಂತು.

ದಪ್ಪ ದಾರ ಹಾಕಿದ್ರೆ ತುಂಡಾಗಲ್ಲ ಅಂತ ಅಂಗಡಿಯವ್ರು 2.4 ಎಂಎಂ ಕೊಡ್ತಾರೆ, ಅದು ಪೆಟ್ರೋಲ್ ಮಷೀನಿಗೆ. ಸಣ್ಣ ಕರೆಂಟ್ ಮಷೀನಿಗೆ ಸಾಮಾನ್ಯವಾಗಿ 1.2ರಿಂದ 1.6 ಎಂಎಂ, ದೊಡ್ಡದಕ್ಕೆ 2 ಎಂಎಂ, ನಿಮ್ಮದರ ಮೇಲೆ ಏನು ಬರೆದಿದೆ ಅದೇ ಹಾಕಿ. ದಪ್ಪ ದಾರ ಗಾಳಿ ಸೀಳೋಕೇ ಮೋಟಾರಿನ ಶಕ್ತಿ ತಿನ್ನುತ್ತೆ. ದಾರ ಖಾಲಿ ಆಯ್ತು ಅಂತ ಬೈಂಡಿಂಗ್ ವೈರು, ಬೈಕ್ ಕ್ಲಚ್ ಕೇಬಲ್ ಎಳೆ ಹಾಕೋರು ನಮ್ಮೂರಲ್ಲೇ ಇದಾರೆ. ದಯವಿಟ್ಟು ಬೇಡ. ಅದು ತುಂಡಾದ್ರೆ ಆ ತುಂಡು ಗುಂಡಿನ ಥರ ಹಾರುತ್ತೆ, ಯಾರ ಕಾಲಿಗೋ ಯಾರ ಕಣ್ಣಿಗೋ ಹೇಳೋಕಾಗಲ್ಲ.

ಕೈ ಜುಮ್ಮೆನ್ನೋ ಹಂಗೆ ನಡುಗುತ್ತೆ

ಒಂದು ಕಡೆ ದಾರ ತುಂಡಾಗಿ ಇನ್ನೊಂದು ಕಡೆ ಉದ್ದ ಇದೆ, ಅಷ್ಟೇ ಇರುತ್ತೆ ಎಷ್ಟೋ ಸಲ. ಸಮ ಮಾಡಿ. ಹೋಗ್ಲಿಲ್ಲ ಅಂದ್ರೆ ಹೆಡ್ಡಿಗೆ ಒಂದೇ ಕಡೆ ಮೆತ್ತಿರೋ ಹಸಿ ಹುಲ್ಲಿನ ಗಟ್ಟಿ ಕೆರೆದು ತೆಗೀರಿ, ಹೆಡ್ಡು ಬಿರುಕು ಬಿಟ್ಟಿದ್ಯಾ ನೋಡಿ, ಶಾಫ್ಟ್ ಬಗ್ಗಿದ್ಯಾ ನೋಡಿ. ಬಿರುಕು ಬಿಟ್ಟ ಹೆಡ್ಡಿಗೆ ಫೆವಿಕ್ವಿಕ್ ಹಾಕಿ ಓಡಿಸೋ ಐಡಿಯಾ ಬಂದ್ರೆ ಆ ಐಡಿಯಾ ಅಲ್ಲೇ ಬಿಡಿ.

ಮನೆ ಕರೆಂಟೇ ಟ್ರಿಪ್ ಆಗುತ್ತೆ

ಯಾವುದು ಟ್ರಿಪ್ ಆಯ್ತು ನೋಡಿ. ಫ್ಯೂಸ್ ಬದಲಿಗೆ ಇರೋ ಸ್ವಿಚ್ಚು, ಎಂಸಿಬಿ, ಬಿದ್ರೆ ಲೋಡ್ ಜಾಸ್ತಿ ಅಥವಾ ಶಾರ್ಟ್. ಟೆಸ್ಟ್ ಬಟನ್ ಇರೋ ಆರ್‌ಸಿಸಿಬಿ ಬಿದ್ರೆ ಕರೆಂಟ್ ಎಲ್ಲೋ ಲೀಕ್ ಆಗ್ತಿದೆ, ಮನೆಗಳಲ್ಲಿ ಹಾಕೋದು 30 ಮಿಲಿಆಂಪಿಗೆ ಬೀಳೋದು. ಮಳೆಗೆ ನೆನೆದ ಮಷೀನು, ಒದ್ದೆ ನೆಲದಲ್ಲಿ ಬಿದ್ದಿರೋ ಎಕ್ಸ್‌ಟೆನ್ಷನ್ ಜಾಯಿಂಟು, ಸಿಪ್ಪೆ ಎದ್ದ ವೈರು, ಈ ಮೂರರಲ್ಲಿ ಒಂದು ಇರುತ್ತೆ. ಎಕ್ಸ್‌ಟೆನ್ಷನ್ ಒಂದನ್ನೇ ಹಾಕಿ ನೋಡಿ, ಆಮೇಲೆ ಮಷೀನ್ ಹಾಕಿ ನೋಡಿ, ಯಾವುದರಿಂದ ಅಂತ ತಿಳಿಯುತ್ತೆ. ಮಷೀನಿಂದ ಅಂದ್ರೆ ಎರಡು ದಿನ ಗಾಳಿ ಬಿಸಿಲಿಗಿಟ್ಟು ಒಣಗಿಸಿ ಒಂದ್ಸಲ ನೋಡಿ, ಮತ್ತೂ ಬಿದ್ರೆ ಅಂಗಡಿಗೆ ಕೊಡಿ. "ಆ ಸುಡುಗಾಡು ಬೀಳ್ತಾನೇ ಇರುತ್ತೆ, ಡೈರೆಕ್ಟ್ ಕೊಟ್ಬಿಡಿ" ಅನ್ನೋ ಎಲೆಕ್ಟ್ರಿಷಿಯನ್ ಮಾತು ಕೇಳ್ಬೇಡಿ. ಬೀಳ್ತಿರೋದು ನಿಮ್ಮನ್ನ ಉಳಿಸೋಕೆ. ಆರ್‌ಸಿಸಿಬಿ ಇಲ್ಲದ ಹಳೇ ಮನೆ ಆದ್ರೆ ವೈರಿನ ಟ್ರಿಮ್ಮರ್ ತಗೊಳ್ಳೋಕೆ ಮುಂಚೆ ಅದನ್ನ ಹಾಕಿಸಿ.

ಎರಡು ಪಿನ್ನಿನ ಪ್ಲಗ್ ಇದೆ, ಅರ್ತ್ ಇಲ್ಲ ಅಂತ ಹೆದರೋರಿಗೆ: ನೇಮ್‌ಪ್ಲೇಟಲ್ಲಿ ಚೌಕದೊಳಗೆ ಚೌಕದ ಗುರುತು ಇದ್ರೆ ಅದು ಡಬಲ್ ಇನ್ಸುಲೇಷನ್, ಅದಕ್ಕೆ ಅರ್ತ್ ಬೇಕಿಲ್ಲ. ಹಂಗಂತ ಅದನ್ನ ಪೈಪ್ ಹಿಡಿದು ತೊಳೆಯೋ ಹಂಗಿಲ್ಲ. ಬ್ರಷ್ಷು, ಒಣ ಬಟ್ಟೆ, ಅಷ್ಟೇ.

ಬ್ಯಾಟರಿ ಮಷೀನ್ ಎರಡೇ ನಿಮಿಷಕ್ಕೆ ನಿಲ್ಲುತ್ತೆ

ಭಾವ ಕೊಟ್ಟಿದ್ದರ ಮೇಲೆ ದೊಡ್ಡದಾಗಿ 48 ಅಂತ ಬರೆದಿತ್ತು, ಪಕ್ಕದಲ್ಲಿ ಸಣ್ಣದಾಗಿ ವಿಎಫ್ ಅಂತ, ನೋಡಿದೋರು 48 ವೋಲ್ಟ್ ಅಂದ್ಕೊಳ್ಳೋ ಹಂಗೆ. ಬ್ಯಾಟರಿ ಹೋದ ಮೇಲೆ ಬಿಚ್ಚಿ ನೋಡಿದ್ರೆ ಒಳಗೆ ಸಾಲಾಗಿ ಐದೇ ಸೆಲ್ಲು. ಲಿಥಿಯಂ ಸೆಲ್ ಒಂದಕ್ಕೆ 3.6 ವೋಲ್ಟ್, ಫುಲ್ ಚಾರ್ಜಲ್ಲಿ 4.2, ಐದಕ್ಕೆ 18, ಫುಲ್ಲಿಗೆ 21. 48 ಎಲ್ಲಿಂದ ಬಂತೋ ಅವರಿಗೇ ಗೊತ್ತು. ಹಂಗೇ ಒಂದು ಕಂಪನಿ 18 ಅನ್ನೋದೂ ಇನ್ನೊಂದು 20 ಮ್ಯಾಕ್ಸ್ ಅನ್ನೋದೂ ಒಂದೇ ಐದು ಸೆಲ್ಲಿನ ಲೆಕ್ಕ, ಅದಕ್ಕೋಸ್ಕರ ಜಾಸ್ತಿ ದುಡ್ಡು ಕೊಡ್ಬೇಡಿ, ಆಂಪ್‌ಅವರ್, ಅಂದ್ರೆ ಬ್ಯಾಟರಿ ಹಿಡಿಯೋ ಚಾರ್ಜು, ಎಷ್ಟು, ಬ್ಯಾಟರಿ ಬಿಡಿಯಾಗಿ ಸಿಗುತ್ತಾ, ಅದು ಕೇಳಿ.

ಬೇಗ ನಿಲ್ಲೋಕೆ ಕಾರಣ ನೋಡೋಣ. ಹುಲ್ಲು ದಟ್ಟ ಇದ್ದಲ್ಲಿ ಒತ್ತಿ ಹಿಡಿದ್ರೆ ಬ್ಯಾಟರಿ ಒಳಗಿನ ಸರ್ಕ್ಯೂಟು ಓವರ್‌ಲೋಡ್ ಅಂತ ಕಟ್ ಮಾಡುತ್ತೆ, ಟ್ರಿಗರ್ ಬಿಟ್ಟು ಒತ್ತಿದ್ರೆ ಮತ್ತೆ ಓಡಿದ್ರೆ ಅದೇ. ಬ್ಯಾಟರಿ ಕೈಗೆ ಸುಡ್ತಿದ್ರೆ ಬಿಸಿಗೆ ಕಟ್ ಆಗಿದೆ, ನೆರಳಲ್ಲಿಡಿ, ಬಿಸಿ ಬಿಸಿಯಾಗೇ ಚಾರ್ಜಿಗೆ ಹಾಕ್ಬೇಡಿ. ಪಿನ್ನುಗಳಲ್ಲಿ ಹುಲ್ಲಿನ ರಸ ಒಣಗಿ ಹಸಿರು ಕರೆ ಕಟ್ಟಿದ್ರೆ ಒಣ ಬಟ್ಟೇಲಿ ಒರೆಸಿ. ಇದ್ಯಾವುದೂ ಅಲ್ಲ, ಫುಲ್ ಚಾರ್ಜ್ ತೋರಿಸಿ ಲೋಡ್ ಕೊಟ್ಟ ತಕ್ಷಣ ಮಲಗುತ್ತೆ ಅಂದ್ರೆ ಒಂದು ಸೆಲ್ ಸತ್ತಿದೆ.

ಬೇಸಿಗೆ ಪೂರ್ತಿ ಚಾರ್ಜ್ ಖಾಲಿ ಇರೋ ಬ್ಯಾಟರೀನೇ ಅಟ್ಟದ ಮೇಲಿಟ್ಟು ಜೂನಲ್ಲಿ ತೆಗೆದ್ರೆ ಚಾರ್ಜರ್ ಅದನ್ನ ಹತ್ರಾನೇ ಸೇರಿಸಲ್ಲ. ನಂದು ಆಗಿದ್ದು ಇದೇ. ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟು ಎಬ್ಬಿಸೋ ವಿಡಿಯೋಗಳು ಬೇಕಾದಷ್ಟಿವೆ, ಲಿಥಿಯಂ ಜೊತೆ ಆ ಆಟ ಬೇಡ, ಹೊತ್ಕೊಂಡ್ರೆ ಆರಿಸೋದು ಕಷ್ಟ. ಎತ್ತಿಡೋವಾಗ ಅರ್ಧ ಚಾರ್ಜ್ ಇರಲಿ, ತಂಪಾದ ಜಾಗದಲ್ಲಿರಲಿ.

ಹೊಡೆಯೋವಾಗ

ಕನ್ನಡಕ ಅಂದ್ರೆ ಪವರ್ ಗ್ಲಾಸ್ ಅಲ್ಲ, ಪಕ್ಕನೂ ಮುಚ್ಚೋ ಗಾಗಲ್ಸ್. ಪ್ಯಾಂಟು, ಬೂಟು. ಲುಂಗಿ ಹವಾಯಿ ಚಪ್ಪಲಿ ಹಾಕ್ಕೊಂಡು ಹೊಡೆಯೋ ಶೂರರು ಒಂದ್ಸಲ ಜಲ್ಲಿ ಕಲ್ಲು ಮೊಣಕಾಲ ಚಿಪ್ಪಿಗೆ ಬಡಿದ್ ಮೇಲೆ ಸುಮ್ಮನಾಗ್ತಾರೆ. ಮಕ್ಕಳು ನಾಯಿ ದನ 15 ಮೀಟರ್ ದೂರ, ಕಾರ್ ಕೂಡ, ಗಾಜು ಹೋದ್ರೆ ದುಬಾರಿ. ಶುರು ಮಾಡೋಕೆ ಮುಂಚೆ ಒಂದು ಸುತ್ತು ನಡೆದು ಬಾಟಲಿ ಚೂರು, ಕಲ್ಲು, ತಂತಿ ಆರಿಸಿ, ಉದ್ದ ಕೋಲಲ್ಲಿ ಹುಲ್ಲು ಬಡೀತಾ ಹೋಗಿ, ಮಳೆಗಾಲದಲ್ಲಿ ಹಾವು ಇದ್ರೆ ಜಾಗ ಖಾಲಿ ಮಾಡೋಕೆ ಅದಕ್ಕೂ ಟೈಮ್ ಬೇಕಲ್ಲ.

ವೈರ್ ಯಾವಾಗ್ಲೂ ಬೆನ್ನ ಹಿಂದೆ, ಮನೆ ಕಡೆಯಿಂದ ಶುರು ಮಾಡಿ ದೂರ ಹೋಗ್ತಾ ಇರಿ, ಆಗ ಹೊಡೆಯೋ ಕಡೆಗೆ ವೈರ್ ಬರಲ್ಲ. ಮಂಜು ಹನಿ ಇರೋವಾಗ ವೈರಿನ ಮಷೀನ್ ಮುಟ್ಟಬೇಡಿ, ಬಿಸಿಲೇರಿ ಹುಲ್ಲು ಒಣಗಲಿ. ಡ್ರಿಪ್ ಪೈಪ್ ಇರೋರು ಮೊದಲು ಅದನ್ನ ಎತ್ತಿ ಗಿಡದ ಬುಡಕ್ಕೆ ಸುತ್ತಿಡಿ, ನಾನು ಒಂದೇ ಬೆಳಿಗ್ಗೆ ನಾಲ್ಕು ಕಡೆ ಕತ್ತರಿಸಿ ಜಾಯಿನರ್ ಹುಡುಕ್ಕೊಂಡು ಹೋಗಿದ್ದೆ. ಎಳೇ ಮಾವಿನ ಸಸಿ ಬುಡದಲ್ಲಿ ಒಂದಡಿ ಕೈಯಲ್ಲೇ ಕೀಳಿ. ದಾರ ತೊಗಟೆ ಸುತ್ತ ಸುಲಿದ್ರೆ ಗಿಡ ಹಸಿರಾಗೇ ಇದ್ದು ಸ್ವಲ್ಪ ದಿನಕ್ಕೆ ಒಣಗುತ್ತೆ, ಅಷ್ಟೊತ್ತಿಗೆ ಯಾಕೆ ಒಣಗ್ತು ಅಂತ ನೆನಪೂ ಇರಲ್ಲ. ಕಾಂಗ್ರೆಸ್ ಗಿಡ ಹೂವು ಬಿಟ್ಟ ಮೇಲೆ ಹೊಡೆದ್ರೆ ಪುಡಿ ಎಲ್ಲಾ ಮುಖಕ್ಕೇ ಹಾರುತ್ತೆ, ಅಲರ್ಜಿ ಕೆರೆತ ಉಬ್ಬಸ ಇರೋರು ಹತ್ರಾನೂ ಹೋಗ್ಬೇಡಿ, ಹೂ ಬರೋಕೆ ಮುಂಚೆನೇ ಮುಗಿಸಿ. ಬೇಲಿ ಲಂಟಾನ ಇದರ ಕೆಲಸ ಅಲ್ಲ, ಅದಕ್ಕೆ ಮಚ್ಚೇ ಸರಿ.

ನಾನು ಸುಟ್ಟ ಮೋಟಾರು

ನಿಜವಾಗ್ಲೂ ಸುಟ್ಟಿರೋ ಮೋಟಾರ್ ಗುರುತಿಸೋದು ಕಷ್ಟ ಅಲ್ಲ. ಮೂಗೇ ಹೇಳುತ್ತೆ, ವಾರ್ನಿಷ್ ಸುಟ್ಟ ವಾಸನೆ ಒಂದ್ಸಲ ಕುಡಿದ್ರೆ ಮರೆಯಲ್ಲ. ಬಿಚ್ಚಿದ್ರೆ ಕಾಯಿಲ್ ಜೇನಿನ ಬಣ್ಣ ಹೋಗಿ ಕರ್ರಗಾಗಿರುತ್ತೆ, ಓಡೋವಾಗ ಬ್ರಷ್ ಉಜ್ಜೋ ತಾಮ್ರದ ಪಟ್ಟಿಗಳ ಉಂಗುರದ ಸುತ್ತ ಕಿಡಿ ಬೆಂಕಿ ಬಳೆ ಥರ ಓಡುತ್ತೆ. ಇಷ್ಟು ಕಂಡ್ರೆ ರಿವೈಂಡಿಂಗ್ ರೇಟ್ ಕೇಳಿ, ಹೊಸದರ ಅರ್ಧಕ್ಕಿಂತ ಜಾಸ್ತಿ ಹೇಳಿದ್ರೆ ಬಿಟ್ಬಿಡಿ.

ನನ್ನ ಮೊದಲನೇ ಮಷೀನ್ ಬಂದಾಗ ಹಸಿರು ಪ್ಲಾಸ್ಟಿಕ್ ಗಾರ್ಡ್ ಬೇರೆ ಕವರಲ್ಲಿತ್ತು, ನಾವೇ ಎರಡು ಸ್ಕ್ರೂ ಹಾಕಿ ಕೂರಿಸ್ಕೋಬೇಕು. ಅದು ಕಲ್ಲು ಹಾರದೇ ಇರೋಕೆ ಮಾತ್ರ ಅಂದ್ಕೊಂಡು, ಕಾಣೋಕೆ ಅಡ್ಡ ಬರುತ್ತೆ ಅಂತ ನಾನು ಹಾಕ್ಲೇ ಇಲ್ಲ. ಗಾರ್ಡಿನ ಅಂಚಲ್ಲಿ ಉಗುರಷ್ಟು ಒಂದು ಬ್ಲೇಡ್ ಇರುತ್ತೆ, ದಾರ ಉದ್ದ ಬಂದ್ರೆ ಅಲ್ಲಿಗೇ ಕತ್ತರಿಸೋದು ಅದು. ಗಾರ್ಡ್ ಇಲ್ದೇ ಇದ್ರೆ ತಟ್ಟಿದಷ್ಟೂ ದಾರ ಉದ್ದ ಆಗ್ತಾ ಹೋಗುತ್ತೆ. ನನಗೆ ಖುಷಿ, ಒಂದೇ ಬೀಸಿಗೆ ಎಷ್ಟಗಲ ಹೊಡೆಯುತ್ತೆ ಅಂತ. ಉದ್ದ ಅರ್ಧಪಟ್ಟು ಜಾಸ್ತಿ ಆದ್ರೆ ಅದೇ ಸ್ಪೀಡಲ್ಲಿ ತಿರುಗಿಸೋಕೆ ಗಾಳಿ ಎಳೆತ ಅರ್ಧಪಟ್ಟಲ್ಲ, ನಾಲ್ಕೈದು ಪಟ್ಟು ಏರುತ್ತೆ, ತುದಿ ವೇಗನೂ ಜಾಸ್ತಿ ಆಗೋದ್ರಿಂದ. ಸದ್ದು ಮೆತ್ತಗಾಗಿದ್ದನ್ನ ಕೇಳಿಸ್ಕೊಂಡಿದ್ದೆ, ವೋಲ್ಟೇಜ್ ಕಮ್ಮಿ ಇರಬೇಕು ಅಂತ ಎರಡು ವಾರ ಹಂಗೇ ಓಡಿಸಿದೆ. ಮೂರನೇ ಭಾನುವಾರ ಬಾಳೆ ಸಾಲಿನ ನಡುವೆ ಹೊಗೆ ಬಂತು.

ಮೋಟಾರು ಗುಜರಿಗೆ ಹೋಯ್ತು. ಹೆಡ್ಡು, ಸ್ಪೂಲು, ಸ್ವಿಚ್ಚು ಬಿಚ್ಚಿಟ್ಕೊಂಡೆ, ಈಗಿನ ಮಷೀನೂ ಅದೇ ಕಂಪನಿದು, ಸ್ಪೂಲ್ ಕೂರುತ್ತೆ ಅಂತಾನೇ ಅದನ್ನ ಆರಿಸಿದ್ದು. ಗಾರ್ಡೂ ಇದೆ, ಕವರ್ ಕೂಡ ಹರಿದಿಲ್ಲ, ಎರಡು ಸ್ಕ್ರೂ ಸಮೇತ. ಚಿಕ್ಕಪ್ಪಂದು ನೋಡೋಕೆ ಹೋಗಿದ್ದೆನಲ್ಲ, ಅವರ ಮಷೀನಿಗೂ ಗಾರ್ಡ್ ಇರ್ಲಿಲ್ಲ, ಅಟ್ಟದ ಮೇಲೆಲ್ಲೋ ಇರ್ಬೇಕು ಅಂದ್ರು. ಮರುದಿನ ನಂದೇ ತಗೊಂಡು ಹೋದೆ, ಒಂದು ತೂತು ಮಾತ್ರ ಸ್ವಲ್ಪ ಆಚೀಚೆ ಇತ್ತು, ಡ್ರಿಲ್ ಹಾಕಿ ಸರಿ ಮಾಡಿ ಕೂರಿಸಿದ್ವಿ.